ಅಮೃತಪ್ಪನ ಎರಡನೇ ನಾಯಿ
ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿ ಅಮೃತಪ್ಪನಿಗೆ ತನ್ನಷ್ಟು ಚುರುಕಾದ ಮನುಷ್ಯ ಜಿಲ್ಲೆಯಲ್ಲೇ ಇಲ್ಲವೆಂಬ ಜಂಬ. ಬೆಳಗಾದರೆ ಕ್ಯಾನ್ವಾಸ್ ಬೂಟು ಮೆಟ್ಟಿ ವಾಡಿ ರಸ್ತೆಯಲ್ಲಿ ಓಡುವುದು, ಬಂದು ಚಹಾದಂಗಡಿಯ ನಬೀಸಾಬನ ತಲೆ ತಿನ್ನುವುದು: 'ನಮ್ಮ ಮೋತಿ ಮುದಿಯಾಗ್ಯಾದ, ನನ್ನ ಓಟಕ್ಕ ಸಾಲಂಗಿಲ್ಲ. ಜಾತಿವಂತ ಎರಡನೇ ನಾಯಿ ಬೇಕು.' ಅಲ್ಸೇಶಿಯನ್‌ಗೆ ಇಲ್ಲಿಯ ಬಿಸಿಲು ತಡೆಯದು, ಪೊಮೇರಿಯನ್ ಮಡಿಲಲ್ಲಿ ಮಲಗಲಿಕ್ಕೇ ಸರಿ ಎಂದು ತೀರ್ಪು ಕೊಟ್ಟು, ಬೇಟೆನಾಯಿಗಾಗಿ ಸೇಡಂ ಬಸ್ಸು ಹತ್ತಿ ಮುಧೋಳಕ್ಕೆ ಹೋದ. 'ನಾಯಿ ಮುಧೋಳ ಬ್ಯಾರೆ ಅದರಿ, ವಿಜಾಪುರದ ಕಡಿ' ಎಂದು ಅಲ್ಲಿಯವರು ನಕ್ಕರೆ, ಎರಡು ಊರಿಗೆ ಒಂದೇ ಹೆಸರಿಟ್ಟವರನ್ನು ಬೈದ. ಕೊನೆಗೂ ಆ ಕಡೆಯಿಂದ ತರಿಸಿದ ನಾಯಿ ಮೊದಲ ದಿನವೇ ಹಗ್ಗ ಕಿತ್ತುಕೊಂಡು ಮೊಲದ ಬೆನ್ನು ಹತ್ತಿತು. ಅದರ ಹಿಂದೆ ಓಡಿದ ಅಮೃತಪ್ಪ ರೈಲ್ವೆ ಗೇಟಿನ ಹತ್ತಿರ ಎದೆ ಹಿಡಿದು ಕುಸಿದ. ಕುಂಟುತ್ತಾ ಬಂದ ಮೋತಿ ಅವನ ಉಸಿರು ತಹಬಂದಿಗೆ ಬರುವವರೆಗೂ ಪಕ್ಕದಲ್ಲೇ ಕೂತಿತ್ತು. ಮರುದಿನ ನಬೀಸಾಬ, 'ಈಗ ಯಾವ ಜಾತಿದು ನೋಡಾಕತ್ತೀರಿ, ಸಾವಕಾರ್ರ?' ಎಂದು ಕೇಳಿದ. ಮೋತಿಗೆ ಬನ್ನು ಮುರಿದು ಹಾಕುತ್ತಾ ಅಮೃತಪ್ಪ ತಲೆ ಎತ್ತದೆ, 'ಸಾವಕಾಶ ನಡಿಯೂದು' ಎಂದ.