ನಾಯಿಗೆ ಊಟದ ಅಪ್ಪಣೆ

ನವಿ ಮುಂಬಯಿಯ ಘಣಸೋಲಿಯ ನಮ್ಮ ಹೌಸಿಂಗ್ ಸೊಸೈಟಿಯ ಜನ ಮಕ್ಕಳ ಮಾರ್ಕ್ಸ್ ಬಗ್ಗೆ ಸುಳ್ಳು ಹೇಳುವುದನ್ನು ಬಿಟ್ಟದ್ದು ನಾಯಿ ಸಾಕಲು ಶುರು ಮಾಡಿದ ಮೇಲೆ. ಮಕ್ಕಳ ವಿಷಯದಲ್ಲಿ ಒಂದಲ್ಲ ಒಂದು ದಿನ ಮಾರ್ಕ್‌ಶೀಟ್ ಬಂದು ಮಾನ ತೆಗೆಯುತ್ತದೆ. ನಾಯಿಗೆ ಆ ತೊಂದರೆಯಿಲ್ಲ. ಹಾಗಾಗಿ ಬೆಳಿಗ್ಗೆ ಗಾರ್ಡನ್ನಿನ ಸಿಮೆಂಟ್ ಬೆಂಚಿನ ಸುತ್ತ ಸೇರುತ್ತಿದ್ದವರ ನಾಯಿಗಳೆಲ್ಲ ಡಿಸ್ಟಿಂಕ್ಷನ್ನಿನಲ್ಲೇ ಪಾಸಾಗುತ್ತಿದ್ದವು. ನಾನು ಆಗ ಬಿ.ಕಾಂ. ಎರಡನೇ ವರ್ಷವನ್ನು ಎರಡನೇ ಸಲ ಓದುತ್ತಿದ್ದೆ. ನಮ್ಮಲ್ಲಿ ನಾಯಿ ಇರಲಿಲ್ಲ. ಇದ್ದ ಒಬ್ಬನನ್ನು ಸಾಕುವುದೇ ಸಾಕಾಗಿದೆ ಎಂದು ಅಮ್ಮ ಹೇಳುತ್ತಿದ್ದಳು. ಆದರೂ ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ಆ ಬೆಂಚಿನ ಪಕ್ಕ ನಿಂತೇಬಿಡುತ್ತಿದ್ದೆ. ಜನರ ದನಿ ಕದ್ದು ಜನರನ್ನೇ ನಗಿಸುವ ಚಟ ನನ್ನದು. ಅಲ್ಲಿ ಬೇಕಾದಷ್ಟು ಮಾಲು ಸಿಗುತ್ತಿತ್ತು.

ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಮೈಸೂರಿನವರೊಬ್ಬರು ಲ್ಯಾಬ್ರಡಾರ್ ಸಾಕಿದ್ದರು.

"ಲ್ಯಾಬ್‌ಗೆ ಎಲ್ಲಾ ಅರ್ಥ ಆಗತ್ತೆ ಕಣ್ರೀ. ಬಾಯಿ ಬರಲ್ಲ ಅಷ್ಟೆ. ನಾನೂ ನನ್ನ ಹೆಂಡ್ತೀನೂ ಜಗಳ ಆಡಿದ್ರೆ ಮಧ್ಯ ಬಂದು ಕೂತ್ಕೊಂಡ್ಬಿಡತ್ತೆ."

"ಯಾರ ಕಡೆಗೆ ಮುಖ ಮಾಡ್ಕೊಂಡು ಸಾರ್?" ಎಂದೆ ನಾನು.

"ನನ್ನ ಕಡೆಗೆ. ಯಾಕೆ?"

"ಮತ್ತೆ ಬೆನ್ನು ಕಾಯ್ತಿರೋದು ಅವರದ್ದು. ಬುದ್ಧಿವಂತ ನಾಯಿನೇ ಬಿಡಿ."

ಹುಬ್ಬಳ್ಳಿ ಕಡೆಯ ಒಬ್ಬ ಅಕ್ಕನದು ಪಾಮೇರಿಯನ್. ಕೊರಿಯರ್‌ನವ ಯಾರು, ಕಳ್ಳ ಯಾರು ಎಂದು ಲಿಫ್ಟಿನ ಸಪ್ಪಳದಲ್ಲೇ ಅದು ಗುರುತು ಹಿಡಿಯುತ್ತದಂತೆ. "ಇಬ್ಬರಿಗೂ ಒಂದ ನಮೂನಿ ಬೊಗಳತೈತಲ್ರಿ ಅಕ್ಕಾರ?" ಎಂದು ನಾನು ಅವರದೇ ದನಿಯಲ್ಲಿ ಕೇಳಿದೆ. "ಕಳ್ಳಗ ಬೊಗಳೂದು ಬ್ಯಾರೇನ ಇರತೈತಿ. ಅದು ತಿಳಿಯಾಕ ಬುದ್ಧಿ ಬೇಕಲೇ, ಎರಡ ಸಲ ಫೇಲ್ ಆದವಗ ಏನ್ ಹೇಳೂದು!" ಎಂದರು. ಒಂದೇ ಸಲ ಫೇಲಾದದ್ದು ಎಂದು ತಿದ್ದುವಷ್ಟರಲ್ಲಿ ಬೆಂಚಿನವರೆಲ್ಲ ನಕ್ಕಾಗಿತ್ತು.

ಕೊನೆಗೆ ಮಾತಾಡುವವರು ಮಾಮ. ಕೋಪರಖೈರಣೆಯಲ್ಲಿ ಹೋಟೆಲ್ ನಡೆಸುತ್ತಿದ್ದ, ನಮ್ಮ ಮೇಲಿನ ಮಹಡಿಯಲ್ಲಿದ್ದ ಉಡುಪಿ ಕಡೆಯವರು. ಸಂಬಂಧಿಕರಲ್ಲ. ನಾವು ಕುಂದಾಪುರದವರಾದ್ದರಿಂದ ಊರಿನ ನಂಟಿಗೆ ನಾನು ಅವರನ್ನು ಮಾಮ ಎಂದೂ ಅವರ ಹೆಂಡತಿಯನ್ನು ಮಾಮಿ ಎಂದೂ ಕರೆಯುತ್ತಿದ್ದೆ. ಅವರದು ಜರ್ಮನ್ ಶೆಫರ್ಡ್. "ಲ್ಯಾಬ್ ಒಳ್ಳೆ ನಾಯಿ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಯಾರು ತಿಂಡಿ ಹಾಕಿದ್ರೂ ಬಾಲ ಆಡಿಸ್ತದೆ. ಇದು ಹಾಗಲ್ಲ ಮಾರಾಯ್ರೆ. ಇದು ಆಫೀಸರ್" ಎಂದು ಪ್ರಿನ್ಸಿಪಾಲರ ಧಾಟಿಯಲ್ಲಿ ಹೇಳುತ್ತಿದ್ದರು. ಅಪರಿಚಿತರು ವಿಷ ಹಾಕಿಯಾರೆಂದು ಟ್ರೇನರ್ ಅದಕ್ಕೆ ಒಂದು ಪಾಠ ಕಲಿಸಿದ್ದ. ಎದುರಿಗೆ ಏನೇ ಇಟ್ಟರೂ ಮನೆಯವರು ಅಪ್ಪಣೆ ಕೊಡುವ ತನಕ ಮುಟ್ಟಬಾರದು. ಅಪ್ಪಣೆಯ ಮಾತು ಇಂಗ್ಲಿಷಿನದು, "ಈಟ್". ಮಗನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ಹಾಗೆಯೇ ಮಾಮ ನಾಯಿಯನ್ನೂ ಹಾಕಿದ್ದರು. ಮನೆಯಲ್ಲಿ ಎಲ್ಲರೂ ತುಳು ಮಾತಾಡಲಿ, ನಾಯಿಯ ಹತ್ತಿರ ಮಾತ್ರ ಇಂಗ್ಲಿಷ್ ಎಂಬುದು ಅವರ ಕಾನೂನು. ಬರೀ ಅವರದಲ್ಲ. ಆ ಬೆಂಚಿನ ಯಾರೂ ತಮ್ಮ ನಾಯಿಗೆ ಮನೆಮಾತಿನಲ್ಲಿ ಕೂತುಕೋ ಎಂದದ್ದನ್ನು ನಾನು ಕೇಳಿಲ್ಲ. ಎಂದೂ ಇಂಗ್ಲಿಷ್ ಬಾಯಿಬಿಡದ ಹುಬ್ಬಳ್ಳಿಯ ಅಕ್ಕನೂ "ಸಿಟ್, ಸಿಟ್ ಅಂದ್ನಿ!" ಎನ್ನುತ್ತಿದ್ದರು.

ಮಾಮ ಬೆಂಚಿನ ಮೇಲೆ ಬಿಸ್ಕತ್ತಿಟ್ಟು ಎಲ್ಲರ ಮುಂದೆ ಪರೀಕ್ಷೆ ನಡೆಸುತ್ತಿದ್ದರು. ನಾಯಿ ಬಿಸ್ಕತ್ತನ್ನು ನೋಡುತ್ತಿತ್ತು, ಮುಟ್ಟುತ್ತಿರಲಿಲ್ಲ. ಎಲ್ಲರೂ ಭೇಷ್ ಎನ್ನುತ್ತಿದ್ದರು. ಆಮೇಲೆ ಮಾಮ "ಈಟ್" ಎನ್ನುತ್ತಿದ್ದರು. ಆಗಲೂ ಮುಟ್ಟುತ್ತಿರಲಿಲ್ಲ. ಕತ್ತೆತ್ತಿ ತನ್ನ ಮನೆಯ ಬಾಲ್ಕನಿಯತ್ತ ನೋಡುತ್ತಿತ್ತು.

"ನೋಡಿದ್ರಾ? ಕಂಟ್ರೋಲ್! ಹೇಳಿದ ಮೇಲೂ ಅವಸರ ಇಲ್ಲ" ಎಂದು ಮಾಮ ಬಿಸ್ಕತ್ತನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಅದು ಕಂಟ್ರೋಲ್ ಅಲ್ಲವೆಂದು ನನಗೆ ಗೊತ್ತಿತ್ತು. ಅವರ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಯ ಕಿಟಕಿಯ ನೇರ ಮೇಲೆ. ಮಾಮ ಹೋಟೆಲಿಗೆ ಹೋದ ಮೇಲೆ ಅಲ್ಲಿ ದಿನವೂ ಒಂದೇ ಕ್ರಮದಲ್ಲಿ ಸದ್ದುಗಳಾಗುತ್ತಿದ್ದವು. ಸ್ಟೀಲಿನ ತಟ್ಟೆ ನೆಲಕ್ಕೆ ತಾಗುವುದು, ತಟ್ಟೆಯ ಅಂಚಿಗೆ ಬಳೆ ತಾಗುವುದು, ಒಂದು ಸಣ್ಣ ಕೆಮ್ಮು, ಆಮೇಲೆ ಮೂಗಿನಿಂದ ಹೊರಟು ಕೊನೆಯಲ್ಲಿ ಕೆಳಗಿಳಿಯುವ ಮಾಮಿಯ ದನಿ: "ತಿನ್ಲ ಮಗಾ." ತಿನ್ನು ಮಗನೇ ಎಂದು. ಮರುಕ್ಷಣ ನಾಲಿಗೆಯ ಚಪಚಪ. ತಟ್ಟೆಯಲ್ಲಿ ಇರುತ್ತಿದ್ದುದು ಮಾಮ ತಂದ ಫಾರಿನ್ ನಾಯಿತಿಂಡಿಯಲ್ಲ, ಮೊಸರನ್ನ. ಮಾಮ ಇಟ್ಟ ಇಂಗ್ಲಿಷ್ ಹೆಸರನ್ನು ಮಾಮಿ ಬಳಸಿದ್ದು ನಾನು ಕೇಳಿಲ್ಲ. ಅಷ್ಟು ದೊಡ್ಡ ಆಫೀಸರ್ ಆ ಮನೆಯಲ್ಲಿ ತುಳು ಮೀಡಿಯಮ್ಮಿನಲ್ಲಿ ಓದುತ್ತಿತ್ತು, ಹೆಡ್ ಮಾಸ್ಟರಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಒಂದು ದಿನ ಬೆಂಚಿನ ಹತ್ತಿರ ಮಾಮಿಯ ಆ ಕೆಮ್ಮನ್ನೂ ಆ ಮಾತನ್ನೂ ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ನಾಯಿ ಅಲ್ಲಿರಲಿಲ್ಲ, ಮಾಮ ಇದ್ದರು. ಲ್ಯಾಬ್ರಡಾರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮನ ಕಿವಿ ಕೆಂಪಾಯಿತು. "ನನ್ನ ನಾಯಿಗೆ ತುಳು ಬರುದಿಲ್ಲ. ಎಂತ ಅಪಹಾಸ್ಯ ಇದು?" ಎಂದರು. ನಾನೂ ಅವರದೇ ದನಿಯಲ್ಲಿ "ಎಂತ ಅಪಹಾಸ್ಯ ಇದು?" ಎಂದು ಓಡಿಬಂದೆ.

ಮಳೆಗಾಲದ ಕೊನೆಯಲ್ಲಿ ಮಾಮಿ ಅಡುಗೆಮನೆಯಲ್ಲಿ ಬಿದ್ದರು. ಪಾರ್ಶ್ವವಾಯು. ವಾಶಿಯ ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದಾಗ ಬಲಗೈ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಮಾತೂ ಹೋಗಿತ್ತು. ಬರಬಹುದು, ನಿಧಾನವಾಗಿ, ಎಷ್ಟು ಎಂದು ಹೇಳಲಾಗದು ಎಂದಿದ್ದರಂತೆ ಡಾಕ್ಟರು. ಹೌದು ಅಲ್ಲಗಳೂ ಅವರಲ್ಲಿ ಕಲಸಿಹೋಗಿದ್ದವು. ಚಹಾ ಬೇಕೇ ಎಂದರೆ ತಲೆ ಅಡ್ಡ ಆಡಿಸುವರು, ಲೋಟ ಒಳಗೆ ಕೊಂಡುಹೋದರೆ ಕಣ್ಣಲ್ಲಿ ನೀರು ತುಂಬುವುದು. ನಾನು ಮೊದಲ ಸಲ ನೋಡಲು ಹೋದಾಗ ಹೇಳಬೇಕೆಂದುಕೊಂಡಿದ್ದ ತಮಾಷೆಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಟ್ಟೆ.

ನಾಯಿ ಅವರ ಮಂಚದ ಕೆಳಗೆ ಮಲಗಿತ್ತು. ಮಾಮಿಯ ಎಡಗೈ ಮಂಚದಿಂದ ಇಳಿದು ಅದರ ಬೆನ್ನಿನ ಮೇಲಿತ್ತು. ಆಮೇಲೆ ಯಾವಾಗ ಹೋದರೂ ಆ ಕೈ ಅಲ್ಲೇ ಇರುತ್ತಿತ್ತು.

ಆದರೆ ನಾಯಿ ಉಣ್ಣುತ್ತಿರಲಿಲ್ಲ. ಮಾಮಿ ಆಸ್ಪತ್ರೆಯಲ್ಲಿದ್ದಾಗ ಶುರುವಾದದ್ದು, ಅವರು ಬಂದ ಮೇಲೂ ನಿಲ್ಲಲಿಲ್ಲ. ನೀರು ಕುಡಿಯುತ್ತಿತ್ತು. ಮಾಮಿಯ ಬಾಯಿಂದ ಜಾರಿದ ಗಂಜಿಯ ಅಗುಳನ್ನು ನೆಲದಿಂದ ನೆಕ್ಕುತ್ತಿತ್ತು. ತಟ್ಟೆಯಲ್ಲಿ ಇಟ್ಟದ್ದನ್ನು ಮಾತ್ರ ಮೂಸಿ, ಕೂತು, ಕಾಯುತ್ತಿತ್ತು. ಮಾಮ "ಈಟ್" ಎಂದು ಹೇಳಿ ಹೇಳಿ ಸೋತರು. ನನ್ನ ಅಮ್ಮ ತಾನೇ ಕಲಸಿಕೊಂಡು ಹೋದ ಮೊಸರನ್ನಕ್ಕೂ ಅದೇ ಗತಿಯಾಯಿತು. ಪ್ರಾಣಿವೈದ್ಯರು ನೋಡಿ ಮೈಯಲ್ಲಿ ಕಾಯಿಲೆಯಿಲ್ಲ ಎಂದು ಹೇಳಿ ಸೂಜಿ ಚುಚ್ಚಿ ಹೋದರು. ಪಕ್ಕೆಲುಬು ಕಾಣತೊಡಗಿತು. ಬೆಂಚಿನಲ್ಲಿ ಎಲ್ಲರೂ ಹೊಗಳಿದ್ದ ಪಾಠವೇ ಈಗ ಅದನ್ನು ಕೊಲ್ಲುತ್ತಿತ್ತು.

ಖಾರಘರದಲ್ಲಿದ್ದ ಮಗ ವಾರದ ಕೊನೆಗೆ ಬಂದ. ಒಳ್ಳೆಯವನೇ. ತಾಯಿಯ ಡಯಾಪರ್ ತಾನೇ ಬದಲಿಸುತ್ತಿದ್ದ. ಅಪ್ಪ ತುಳುವಿನಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುವವನು. "ಪಪ್ಪಾ, ಮಮ್ಮಿ ಕೋ ಸಂಭಾಲೇಂಗೆ ಯಾ ಇಸ್ ಕೋ?" ಎಂದ, ಮಮ್ಮಿಯನ್ನು ನೋಡಿಕೊಳ್ಳುವುದೋ ಇದನ್ನೋ ಎಂದು. ಕರ್ಜತ್ ಹತ್ತಿರ ಅವನ ಗೆಳೆಯನ ತೋಟವಿತ್ತು. ಅಲ್ಲಿ ಇದೇ ಜಾತಿಯ ನಾಯಿಗಳಿದ್ದವು. ಜೊತೆ ಸಿಕ್ಕರೆ ಉಂಡೀತು, ಇಲ್ಲೇ ಇದ್ದರೆ ಮಮ್ಮಿಯ ಕಣ್ಣೆದುರೇ ಸತ್ತೀತು ಎಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ರವಿವಾರ ಸಂಜೆ ಗೆಳೆಯ ಗಾಡಿ ತರುವುದೆಂದಾಯಿತು. ಮಾಮಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿ ಪ್ರಯೋಜನವಿರಲಿಲ್ಲ, ಅವರ ಹೌದು ಯಾವುದು ಅಲ್ಲ ಯಾವುದು ಎಂದು ತಿಳಿಯುವಂತಿರಲಿಲ್ಲವಲ್ಲ. ಮಾತು ನಡೆಯುವಾಗ ಅವರ ಎಡಗೈ ಬೆರಳುಗಳು ನಾಯಿಯ ಕುತ್ತಿಗೆಯ ಪಟ್ಟಿಯೊಳಗೆ ತೂರಿಕೊಂಡದ್ದನ್ನು ಮಾತ್ರ ಅಮ್ಮ ನೋಡಿದಳು. ಮನೆಗೆ ಬಂದು ಹೇಳಿ ಅತ್ತಳು.

ರವಿವಾರ ಮಧ್ಯಾಹ್ನ ಮಾಮ ನಮ್ಮ ಬಾಗಿಲು ತಟ್ಟಿದರು. ಬನಿಯನ್ನು, ಲುಂಗಿ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಕೂರದವರು.

"ಸ್ವಲ್ಪ ಮೇಲೆ ಬಾ ಮಾರಾಯ. ಒಮ್ಮೆ ಅವಳ ಹಾಗೆ ಹೇಳಬೇಕಿತ್ತು."

"ಏನು ಹೇಳಬೇಕು ಮಾಮ?"

"ನಿನಗೆ ಗೊತ್ತುಂಟಲ್ಲ." ಚಪ್ಪಲಿ ನೋಡುತ್ತಾ ನಿಂತರು. "ನಾನು ಹೇಳಿ ನೋಡಿದೆ, ತುಳುವಿನಲ್ಲೇ. ಗೋಡೆ ನೋಡ್ತದೆ ಅದು. ನಿನ್ನೆಯಿಂದ ನೂರು ಸಲ ಹೇಳಿದೆ ಬೇಕಾದ್ರೆ. ನನ್ನ ಬಾಯಲ್ಲಿ ಅದು ಬರುದಿಲ್ಲ."

ಹತ್ತಾರು ಜನರ ಮುಂದೆ ಯಾರ ದನಿಯನ್ನೂ ಎತ್ತಿಕೊಂಡು ಆಡಿದವನಿಗೆ, ದನಿ ಕಳಕೊಂಡವರ ಮನೆಗೆ ಅವರದೇ ದನಿಯನ್ನು ತೆಗೆದುಕೊಂಡು ಹೋಗುವುದು ಹೇಗೆಂದು ತಿಳಿಯಲಿಲ್ಲ. "ಮಾಮಿ ಕೇಳಿಸಿಕೊಳ್ತಾರಲ್ಲ ಮಾಮ" ಎಂದೆ. "ಕೇಳ್ತಾಳೆ. ಸಂಜೆ ಗಾಡಿ ಬಂದಾಗಲೂ ಕೇಳ್ತಾಳೆ" ಎಂದರು. ನಾನು ಚಪ್ಪಲಿ ಮೆಟ್ಟಿ ಅವರ ಹಿಂದೆ ಮೆಟ್ಟಿಲು ಹತ್ತಿದೆ.

ಹಾಲ್‌ನಲ್ಲಿ ಮಾಮಿಯ ಮಂಚದ ಆಚೆ ಮಗ ಊಟದ ಮೇಜಿನ ಹತ್ತಿರ ಫೋನ್ ಹಿಡಿದು ಕೂತಿದ್ದ. ನಾನು ಮಾಮಿಯ ಮುಖ ನೋಡದೆ ಅಡುಗೆಮನೆಗೆ ನುಸುಳಿ ಫ್ರಿಜ್ಜಿನ ಮರೆಯಲ್ಲಿ ನಿಂತೆ. ತಟ್ಟೆಯಲ್ಲಿ ಮೊಸರನ್ನ ಸಿದ್ಧವಿತ್ತು. ತಟ್ಟೆಯನ್ನು ನೆಲಕ್ಕೆ ತಾಗಿಸಿದೆ. ಕೈಯಲ್ಲಿ ಬಳೆಯಿಲ್ಲದ್ದಕ್ಕೆ ಚಮಚದಿಂದ ಅಂಚಿಗೆ ಮುಟ್ಟಿಸಿದೆ. ಸಣ್ಣಗೆ ಕೆಮ್ಮಿದೆ. ಹೇಳಿದೆ:

"ತಿನ್ಲ ಮಗಾ."

ನಾನು ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿರಲಿಲ್ಲ. ಬಾಗಿಲಲ್ಲಿದ್ದ ಮಾಮ ಥಟ್ಟನೆ ನನ್ನತ್ತ ಅಲ್ಲ, ಮಂಚದತ್ತ ತಿರುಗಿದರು. ಮಗ ಅರ್ಧ ಎದ್ದುಬಿಟ್ಟಿದ್ದ. ಟೈಲ್ಸ್ ಮೇಲೆ ಉಗುರಿನ ಟಿಕಟಿಕ ಕೇಳಿಸಿತು. ನಾಯಿ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು. ಕಿವಿ ನೆಟ್ಟಗಿದ್ದವು. ತಟ್ಟೆ ನೋಡಿತು. ನನ್ನನ್ನು ನೋಡಿತು. ಒಂದು ಹೆಜ್ಜೆ ಮುಂದಿಟ್ಟು ನನ್ನ ಕೈಯಲ್ಲಿದ್ದ ಚಮಚವನ್ನು ಮೂಸಿತು. ಗುರುಗುಟ್ಟಲಿಲ್ಲ. ಕಿವಿ ಇಳಿಸಿ, ತಿರುಗಿ, ಬಂದ ದಾರಿಯಲ್ಲೇ ಹೋಯಿತು. ಮಂಚದ ಅಂಚಿಗೆ ಗಲ್ಲವಿಟ್ಟು ಮಾಮಿಯ ಬಾಯಿಯನ್ನೇ ನೋಡುತ್ತಾ ಕೂತಿತು.

"ಛೋಡೋ ಪಪ್ಪಾ" ಎಂದ ಮಗ ಮೆಲ್ಲಗೆ, ಬಿಟ್ಟುಬಿಡಿ ಎಂದು.

ನಾನು ಹಾಲ್‌ಗೆ ಬರಲೇಬೇಕಾಯಿತು. ಮಾಮಿ ನನ್ನನ್ನು ನೋಡುತ್ತಿದ್ದರು. ಅಳುತ್ತಾರೆಂದುಕೊಂಡಿದ್ದೆ. ಅಳುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. ಮೈ ಚೆನ್ನಾಗಿದ್ದ ಕಾಲದಲ್ಲಿ ಯಾರಾದರೂ ಅವರ ಅಡುಗೆಮನೆಗೆ ನುಗ್ಗಿ ಸೌಟು ಹಿಡಿದರೆ ನೋಡುತ್ತಿದ್ದ ನೋಟವದು. ಎಡಗೈಯಿಂದ ಹಾಸಿಗೆಯನ್ನು ಒತ್ತಿದರು. ಬಾಯಿಯ ಎಡಮೂಲೆ ಸ್ವಲ್ಪ ಎತ್ತಿತು, ಬಲಮೂಲೆ ಬರಲಿಲ್ಲ. ಕತ್ತಿನ ನರ ಉಬ್ಬಿತು. ಒಂದು ಸದ್ದು ಹೊರಬಿತ್ತು. ಕುಕ್ಕರು ಸೀಟಿ ಹಾಕುವ ಮೊದಲು ಒಳಗೇ ತಡವರಿಸುವ ಉಸಿರಿನಂತೆ, ಒದ್ದೆಯಾಗಿ, ಒರಟಾಗಿ. ಅದರಲ್ಲಿ ಅಕ್ಷರವಿರಲಿಲ್ಲ. ಅದು ಮಾಮಿಯ ದನಿಯೂ ಆಗಿರಲಿಲ್ಲ, ಆ ಮಾತನ್ನು ನಾನು ಖಂಡಿತವಾಗಿ ಹೇಳಬಲ್ಲೆ.

"ಕ್ಯಾ ಹುವಾ ಮಮ್ಮಿ? ಪಾನಿ?" ಎಂದು ಮಗ ಬಾಟಲಿಗೆ ಕೈಹಾಕಿದ.

ನಾಯಿ ಎದ್ದಾಗಿತ್ತು. ನನ್ನ ಕಾಲನ್ನು ಸವರಿಕೊಂಡೇ ಅಡುಗೆಮನೆಗೆ ಹೋಯಿತು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಚಪಚಪ ಶುರುವಾಯಿತು. ತಟ್ಟೆ ಟೈಲ್ಸ್ ಮೇಲೆ ಜಾರುತ್ತಾ ಹೋಗಿ ಗ್ಯಾಸ್ ಸಿಲಿಂಡರಿಗೆ ಬಡಿಯಿತು, ಅಲ್ಲಿಂದ ಮುಂದೆ ಹೋಗಲಾರದೆ ಅಲ್ಲೇ ಕಣಕಣ ಎನ್ನತೊಡಗಿತು.

ನಾವು ಮೂವರೂ ನಿಂತಲ್ಲೇ ನಿಂತು ಅದನ್ನು ಕೇಳಿದೆವು. ಮಗ ಬಾಟಲಿಯನ್ನು ಮೇಜಿನ ಮೇಲಿಟ್ಟ. ಬಾಲ್ಕನಿಗೆ ಹೋಗಿ ಫೋನ್ ಮಾಡಿದ. "ನಹೀ ಯಾರ್, ಮತ್ ಆ. ಖಾ ರಹಾ ಹೈ" ಎಂದ, ಬರಬೇಡ, ತಿನ್ನುತ್ತಿದೆ ಎಂದು.

ಮಾಮ ಮಂಚದ ಪಕ್ಕ ನೆಲದ ಮೇಲೆ, ನಾಯಿ ಕೂತಿದ್ದ ಜಾಗದಲ್ಲೇ ಕೂತರು. "ಎಂತ ಹೇಳಿದೆ ನೀನು ಅದಕ್ಕೆ?" ಎಂದು ತುಳುವಿನಲ್ಲಿ ಕೇಳಿದರು. ಮಾಮಿ ಅವರ ಮುಖ ನೋಡಿದರು. ಮತ್ತೆ ಹಾಸಿಗೆ ಒತ್ತಿ, ಕತ್ತು ಬಿಗಿಮಾಡಿ, ಅದೇ ಸದ್ದನ್ನು ಇನ್ನೊಮ್ಮೆ ಹೊರಡಿಸಿದರು. ಈ ಸಲ ಅದು ನಾಯಿಗಲ್ಲ. ಮೇಜಿನ ಮೇಲೆ ಮಾಮನ ಊಟಕ್ಕೆಂದು ನನ್ನ ಅಮ್ಮ ಬೆಳಿಗ್ಗೆ ಕಳಿಸಿದ್ದ ಡಬ್ಬಿ ಮುಚ್ಚಳ ಕೂಡ ತೆಗೆಯದೆ ಇತ್ತು.

ಮಾಮ ಸ್ವಲ್ಪ ಹೊತ್ತು ಅವರ ಬಾಯಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ "ಆಯ್ತು" ಎಂದು ಮೊಣಕಾಲಿಗೆ ಕೈಯೂರಿ ಎದ್ದು ತಮಗೊಂದು ತಟ್ಟೆ ತರಲು ಅಡುಗೆಮನೆಗೆ ಹೋದರು.