ಅಕ್ಕನ ಕೌದಿಯ ಒಳಪದರ

ಅಕ್ಕ ಸತ್ತ ಮೇಲೆ ಅವಳ ಸೊಸೆ ಬಬಲೇಶ್ವರದಿಂದ ಒಂದು ಗಂಟು ಹೊತ್ತು ಇಬ್ರಾಹಿಂಪುರದ ನಮ್ಮ ಮನೆಗೆ ಬಂದಳು. ಬಿಚ್ಚಿದರೆ ಕೌದಿಯ ಚೌಕಗಳು. ಅಕ್ಕ ಎಷ್ಟೋ ವರ್ಷದ ಹಿಂದೆ ಹಳೇ ಕುಪ್ಪಸದ ಖಣದ ತುಂಡುಗಳಿಗೆ ಒಳಪದರ ಕೊಟ್ಟು ಚೌಕ ಹೊಲಿದು, ಜೋಡಿಸದೆ ಹಾಗೇ ಬಿಟ್ಟಿದ್ದಳು. ಟ್ರಂಕಿನ ತುಕ್ಕು, ಜಿರಲೆ ಹಿಕ್ಕೆ, ಮುಗ್ಗಲು ವಾಸನೆ, ಎಲ್ಲ ಇತ್ತು.

"ತೊಳದು ಜೋಡಿಸಿ ಕೊಡ್ರಿ ಚಿಗವ್ವ. ಮಗಳ ಲಗ್ನ ಐತಿ, ಅಕಿಗೆ ಕೊಡೋದು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ, ನಮ್ಮ ತಂಗೀನ ತೊಳೀಲಿ ಅಂತ ಅತ್ತಿ ಸಾಯೂ ಮುಂದ ಹೇಳ್ಯಾರ."

ನನಗೆ ಅಲ್ಲಿಯೇ ಸಂಶಯ ಬಂತು. ಬದುಕಿದ್ದಾಗ ನನ್ನ ಕೈಗೆ ಒಂದು ಸೂಜಿ ಕೊಡದವಳು ಅಕ್ಕ. ಟಿಕೋಟಾದ ತವರಿನಲ್ಲಿ ಅವ್ವ ತೀರಿಕೊಂಡಾಗ ಅವಳ ಸೀರೆಗಳನ್ನು ಇಬ್ಬರೂ ಹಂಚಿಕೊಂಡೆವು. ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ ನನ್ನ ಪಾಲಿಗೆ ಬಂತು. ಮರುದಿನ ನೋಡಿದರೆ ಸೀರೆ ಇಲ್ಲ. "ಇಲಿ ಕಡದಿತ್ತು, ಒಲಿಗೆ ಹಾಕಿದೆ" ಎಂದಳು ಅಕ್ಕ. ಉಳಿದ ಸೀರೆ ಬಿಟ್ಟು ಇಲಿ ಅದೊಂದನ್ನೇ ಹುಡುಕಿಕೊಂಡು ಹೋಯಿತೇ ಎಂದು ಕೇಳಿದೆ. ಆಮೇಲೆ ಅವಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಅವಳ ಟ್ರಂಕಿನ ಮೇಲೆ.

ಸೊಸೆಯನ್ನೂ ನಾನು ನಂಬಲಿಲ್ಲ.

"ಮಗಳಿಗೆ ಕೊಡಾಕೋ, ಮಾರಾಕೋ? ಅಥಣಿ ರಸ್ತೆದಾಗಿನ ದೊಡ್ಡ ಮನಿಯವರು ಹಳೇ ಕೌದಿ ಗ್ವಾಡಿಗೆ ತೂಗಹಾಕ್ತಾರಂತ."

"ಅಯ್ಯ ಚಿಗವ್ವ, ಗ್ವಾಡಿಗೂ ಥಂಡಿ ಆಕ್ಕೈತೇನ್ರಿ?" ಎಂದು ಅವಳು ನಕ್ಕಳು. ನಾನು ನಗಲಿಲ್ಲ.

ಬೇರೆಯವರು ಚೌಕಗಳನ್ನು ಸೋಪಿನ ಪುಡಿಯಲ್ಲಿ ಇಡಿಯಾಗಿ ಅದ್ದಿ ಬಡಿಯುತ್ತಾರೆ. ಅವ್ವ ನಮಗೆ ಹಾಗೆ ಕಲಿಸಲಿಲ್ಲ. ಮೊದಲು ಒಂದು ಬದಿಯ ಹೊಲಿಗೆ ಬಿಚ್ಚಿ ಒಳಗಿನ ಧೂಳು ಕೊಡವಬೇಕು. ಕೆಂಪು ಬಟ್ಟೆಗೆ ಒದ್ದೆ ಬಿಳಿ ಅರಿವೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಬೇಕು. ಆಮೇಲೆ ಅಂಟವಾಳದ ನೀರು. ಹಿಂಡದೆ ನೆರಳಲ್ಲಿ ಹರವಬೇಕು.

ಮೊದಲ ಚೌಕದ ಬದಿ ಬಿಚ್ಚಿದೆ. ಒಳಪದರ ಹಸಿರು. ಇನ್ನೊಂದು ಬಿಚ್ಚಿದೆ, ಅದೂ ಹಸಿರು. ಎಲ್ಲದರ ಒಳಗೂ ಅವ್ವನ ಸೀರೆ. ಬಾಗಿಲ ಬೆಳಕಿಗೆ ಹಿಡಿದು ಅಂಚು ನೋಡಿದೆ. ಇಲಿಯ ಹಲ್ಲು ಎಲ್ಲೂ ಇಲ್ಲ, ಕತ್ತರಿ ಆಡಿದ ನೆಟ್ಟನೆ ಗೆರೆ.

ನಾನು ಬಿಚ್ಚಿಯೇ ತೊಳೆಯುತ್ತೇನೆಂದು ಅಕ್ಕನಿಗೆ ಗೊತ್ತಿತ್ತು. ತಂಗಿಯೇ ತೊಳೆಯಲಿ ಎಂದದ್ದು ಸೀರೆ ಮುಟ್ಟಿಸಲಿಕ್ಕೋ, ಸತ್ತ ಮೇಲೂ ಅಣಕಿಸಲಿಕ್ಕೋ? ನಾನು ಹಸಿರನ್ನೇ ಮೇಲಕ್ಕೆ ತಿರುವಿ, ಖಣವನ್ನು ಒಳಗೆ ಹಾಕಿ ಕೌದಿ ಜೋಡಿಸಿದೆ. ನೋಡುವವರೆಲ್ಲ ನೋಡಲಿ.

ಒಯ್ಯಲು ಬಂದ ಸೊಸೆ ಕೌದಿ ಹರವಿ ಮುಖ ಗಂಟು ಹಾಕಿದಳು.

"ಇದು ನಮ್ಮದಲ್ರಿ. ನಿಮ್ಮ ಹಳೇ ಸೀರಿ ಸೇರಿಸಿ ನಮ್ಮ ಖಣ ಇಟಗೊಂಡ್ರೇನು?"

"ಕತ್ರಿ ತಗೋ. ಬಿಚ್ಚಿ ನೋಡ."

ಒಂದು ಮೂಲೆ ಬಿಚ್ಚಿದಳು, ಖಣ ಕಂಡಿತು. ಆದರೂ ಅವಳ ಕಣ್ಣು ನನ್ನ ಟ್ರಂಕಿನ ಕಡೆ ಹೋಗಿ ಬಂತು.

"ಹಸರು ಮಾಸೇತ್ರಿ. ಲಗ್ನಕ್ಕ ಕೊಡಾಕ ಚಂದ ಕಾಣೂದಿಲ್ಲ. ಖಣಾನ ಮ್ಯಾಲ ಬರ್ಲಿ."

"ಹಂಗಾರ ಹಸರು ನಾ ಇಟಗೋತೇನಿ. ಒಳಗ ಧೋತರದ ಅರಿವಿ ಹಾಕಿ ಕೊಡತೇನಿ."

"ಇಟಗೊಳ್ರಿ. ಆದ್ರ ನನ್ನ ಮುಂದ ಬಿಚ್ರಿ."

ಕೊನೆಯ ದಾರ ಬಿಚ್ಚುವವರೆಗೂ ಎದುರಿಗೇ ಕುಳಿತಿದ್ದಳು. ಮುಂದಿನ ವಾರ ಬಂದು ಖಣದ ಕೌದಿ ಒಯ್ದಳು.

ನನ್ನ ಪಾಲಿನ ಸೀರೆ ತುಂಡಾಗಿಯಾದರೂ ನನ್ನ ಮನೆ ಸೇರಿತು. ತುಂಡುಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮೈ ಇತ್ತು, ಅಂಚಿನ ದಡಿ ಇತ್ತು. ಕೆಂಪು ಸೆರಗು ಎಲ್ಲೂ ಇರಲಿಲ್ಲ.

ಲಗ್ನಕ್ಕೆ ಬಬಲೇಶ್ವರಕ್ಕೆ ಹೋಗುತ್ತೇನೆ. ಅಕ್ಕನ ಟ್ರಂಕು ಈಗ ಯಾವ ಕೋಣೆಯಲ್ಲಿದೆ ಎಂದು ನೋಡಬೇಕು.