ನಕ್ಷೆಯಲ್ಲಿ ದೇವಿ ಎಡಕ್ಕಿದ್ದಳು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅತ್ತೆಯ ಕಣ್ಣು ಮಸುಕಾಗಿತ್ತು. ಡಾಕ್ಟರು ಭರವಸೆ ಕೊಡಲಿಲ್ಲ. ಪೂರ್ತಿ ಕತ್ತಲಾಗುವ ಮೊದಲು ಮನೆದೇವಿಯನ್ನೊಮ್ಮೆ ನೋಡಿ ಉಡಿ ತುಂಬಬೇಕೆಂಬುದೊಂದೇ ಅವರ ಆಸೆ. ಆದರೆ ದೇವಿ ಎಲ್ಲಿದ್ದಾಳೆಂದು ಗೊತ್ತಿದ್ದ ಹಿರಿಯರು ಯಾರೂ ಉಳಿದಿರಲಿಲ್ಲ. ನಮ್ಮವರು ಅಕ್ಕಲಕೋಟ ಕಡೆಯ ಹನ್ನೂರು ಬಿಟ್ಟು ಸೊಲ್ಲಾಪುರ ಸೇರಿ ಒಂದು ತಲೆಮಾರೇ ಕಳೆದಿತ್ತು. ಅತ್ತೆ ಹೋಗಿದ್ದೂ ಮದುವೆಯಾದ ಹೊಸದರಲ್ಲಿ, ಒಮ್ಮೆ ಮಾತ್ರ.

"ಊರು ಬಿಟ್ಟು ಹಳ್ಳದ ಗುಂಟ ಹೊಂಟರ ಬಲಕ್ಕ ಬರ್ತಾಳ, ಹೆಗಲಿಗೊಂದ ಬಿರುಕ ಅದ," ಎನ್ನುತ್ತಿದ್ದರು. ಬಲದಂಡೆಯ ಜಾಲಿಕಂಟಿಯೆಲ್ಲ ಹುಡುಕಿ, ಕೈಕಾಲು ತರಚಿಕೊಂಡು ಬಂದೆವು.

ಯಜಮಾನರು ಸರ್ವೆ ನಕ್ಷೆ ಕೇಳಲು ಕಚೇರಿಗೆ ಹೋದರು. ಯಾಕೆ ಬೇಕೆಂದು ಕಾರಣ ಬರೆದು ಅರ್ಜಿ ಕೊಡಬೇಕಂತೆ.

"ಏನ್ ಬರೀಲಿ? ದೇವಿ ಕಳದಾಳ, ಹುಡಿಕಿ ಕೊಡ್ರಿ ಅಂತ?"

"ಕಳದಾಕಿ ಆಕಿ ಅಲ್ಲಪಾ, ಕಳದವರು ನಾವು," ಅಂದರು ಅತ್ತೆ.

ಆಗಷ್ಟೇ ಓಣಿಯ ತುದಿಗೆ ಇಂಟರ್ನೆಟ್ ಅಂಗಡಿ ಬಂದಿತ್ತು. ಹೊರದೇಶದ ಯಾವುದೋ ಗ್ರಂಥಾಲಯ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ ನಮ್ಮ ದೇಶದ ಹಳೆಯ ನಕ್ಷೆಯೊಂದನ್ನು ಅಂಗಡಿಯವರು ತೆರೆದರು. ಮಡಿಸಿದ ಸೀರೆ ಬಿಚ್ಚಿದ ಹಾಗೆ ಅದು ಪಟ್ಟಿ ಪಟ್ಟಿಯಾಗಿ ಇಳಿಯಿತು. ಕರೆಂಟು ಹೋಗದಿರಲೆಂದು ನಾನು ಜಪಿಸುತ್ತ ಕೂತೆ. ಹೋಗಲಿಲ್ಲ, ಅದೂ ಒಂದು ಕೃಪೆ.

"ನಮ್ಮ ದೇವಿನ್ನ ನೋಡಾಕ ಇಲ್ಲಿ ಅರ್ಜಿ, ಅಲ್ಲಿ ಬಾಗಲಾ ತೆರದಿಟ್ಟಾರ," ಎಂದು ಯಜಮಾನರು ನಕ್ಕರು.

ಹನ್ನೂರು ಸಿಕ್ಕಿತು, ಹಳ್ಳ ಸಿಕ್ಕಿತು, ಗುಡಿಯ ಪುಟ್ಟ ಗುರುತೂ ಸಿಕ್ಕಿತು. ಆದರೆ ಅದು ಎಡದಂಡೆಯ ಮೇಲಿತ್ತು. ಬೇರೆ ಯಾವುದೋ ಗುಡಿ ಎಂದು ಯಜಮಾನರು ಎದ್ದುಬಿಟ್ಟರು.

ಮನೆಗೆ ಬಂದು ಕೇಳಿದೆ. "ಅತ್ತ್ಯಾರ, ಅವತ್ತ ಗಾಡ್ಯಾಗ ಹೆಂಗ ಕೂತಿದ್ರಿ?"

"ಹೆಂಗಂದ್ರ? ಎತ್ತಿಗೆ ಬೆನ್ನ ಮಾಡಿ. ಗಾಡಿ ಹೊಡೀತಿದ್ದವರು ಮಾವನವರು. ಹೊಸಾ ಸೊಸಿ ಅವರ ಕಡೆ ಮಾರಿ ಮಾಡಿ ಕೂಡ್ತಾಳೇನ?"

ಹಿಂದಕ್ಕೆ ಮುಖ ಮಾಡಿ ಕೂತವರ ಬಲ, ಗಾಡಿಗೆ ಎಡ. ಯಜಮಾನರು ಹಣೆ ಚಚ್ಚಿಕೊಂಡರು.

ಶುಕ್ರವಾರ ಎಡದಂಡೆಗೆ ಹೋದೆವು. ಬೇವಿನ ಬುಡದಲ್ಲಿ ಕುಸಿದ ಕಟ್ಟೆ, ಮಣ್ಣಿನಲ್ಲಿ ಅರ್ಧ ಹೂತ ಕಲ್ಲು. ಅತ್ತೆ ಕೈಯಾಡಿಸಿ, ಹೆಗಲಿನ ಬಿರುಕು ಸಿಕ್ಕಾಗ ಕೈಮುಗಿದರು. ತೊಳೆದು, ಅವರ ಬೆರಳು ಹಿಡಿದು ಕುಂಕುಮ ಹಚ್ಚಿಸಿ, ಉಡಿ ತುಂಬಿಸಿದೆ. ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಮಾರಿ ಕಾಣವಲ್ದು," ಅಂದರು. ಕಣ್ಣು ಕಿರಿದು ಮಾಡಿ, "ಕೆಂಪ ಕಾಣಾಕತ್ತದ. ಇನ್ನಷ್ಟ ಹಚ್ಚವಾ."

ನಾನು ಕುಂಕುಮದ ಕರಡಿಗೆಯನ್ನು ಪೂರ್ತಿ ಬರಿದು ಮಾಡಿದೆ.